ಒಂದು ಬಟನ್ನು, ಎರಡು ಸೆಂಟು, ಇಪ್ಪತ್ತು ವರ್ಷದ ಕೇಸು

ಕ್ಯಾಮೆರಾ ಸ್ವಲ್ಪ ಹತ್ತಿರ ತನ್ನಿ. ಈ ರಾಚೆಟ್ಟಿನ ತಲೆಯ ಹಿಂಬದಿಯಲ್ಲಿ ಒಂದು ಪುಟ್ಟ ಬಟನ್ ಇದೆ, ಕಾಣ್ತಾ? ಹೆಬ್ಬೆರಳಲ್ಲಿ ಒತ್ತಿದರೆ ಸಾಕು, ಸಾಕೆಟ್ ಕಳಚಿ ಕೈಗೆ ಬರುತ್ತೆ. ದೇವಲಾಪುರದಿಂದ ಪಾಂಡವಪುರದವರೆಗೆ ಯಾವ ಗ್ಯಾರೇಜಿಗೆ ಹೋದರೂ ಮೆಕ್ಯಾನಿಕ್ಕು ದಿನವಿಡೀ ಒತ್ತುವ ಬಟನ್ ಇದು. ಇದನ್ನು ಕಂಡುಹಿಡಿದವನು ಎಂಜಿನಿಯರ್ ಅಲ್ಲ. ಅಮೆರಿಕದ ಸಿಯರ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಹದಿನೆಂಟು ವರ್ಷದ ಹುಡುಗ, ಪೀಟರ್ ರಾಬರ್ಟ್ಸ್. ಕಂಪನಿ ಅವನಿಗೆ ಕೊಡಲು ಒಪ್ಪಿದ್ದು ಒಂದು ರಾಚೆಟ್ಟಿಗೆ ಎರಡು ಸೆಂಟ್. ಅದೂ ಒಟ್ಟು 10,000 ಡಾಲರ್ ಮುಟ್ಟುವವರೆಗೆ ಮಾತ್ರ. ಆಮೇಲೆ ಹಕ್ಕೆಲ್ಲ ಕಂಪನಿಯದು.

ಆ 10,000 ಡಾಲರ್ ಎಷ್ಟು ದಿನದಲ್ಲಿ ಮುಗೀತು ಗೊತ್ತಾ? ಒಂಬತ್ತು ತಿಂಗಳಲ್ಲಿ! ಅಂದರೆ ಐದು ಲಕ್ಷ ರಾಚೆಟ್ ಮಾರಿಹೋಗಿತ್ತು. ಸಹಿ ಬಿದ್ದ ಕೆಲವೇ ದಿನಕ್ಕೆ ವಾರಕ್ಕೆ 44,000ದಂತೆ ತಯಾರಾಗ್ತಿತ್ತು. ಈ ಲೆಕ್ಕ ಮೊದಲ ಸಲ ಓದಿದಾಗಿನಿಂದ ಈ ಬಟನ್ ಮೇಲೆ ಬೆರಳಿಟ್ಟಾಗಲೆಲ್ಲ ಆ ಹುಡುಗ ನೆನಪಾಗ್ತಾನೆ.

ಇವತ್ತಿನ ವಿಷಯ ಅಸಲಿಗೆ ತಲೆ ಬಗ್ಗುವ ರಾಚೆಟ್. ಫ್ಲೆಕ್ಸ್ ಹೆಡ್ ಅನ್ನಿ, ಸ್ವಿವೆಲ್ ಹೆಡ್ ಅನ್ನಿ, ದಿನಾ ಅದರಿಂದಲೇ ದುಡಿಯುವವರು ಏನು ನೋಡಿ ಕೊಳ್ಳಬೇಕು ಅನ್ನೋದು. ಅದಕ್ಕೆ ಮೊದಲು ರಾಚೆಟ್ ಅಂದರೇನು ಅಂತ ಎರಡು ಮಾತು. ಸೈಕಲ್ ತುಳಿಯೋದು ನಿಲ್ಲಿಸಿದಾಗ ಹಿಂದಿನ ಚಕ್ರದಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತಲ್ಲ, ಫ್ರೀವೀಲ್ ಒಳಗಿರೋದು ಇದೇ. ಎಚ್‌ಎಂಟಿ ವಾಚಿಗೆ ಕೀ ಕೊಡುವಾಗ ಕರ್ ಕರ್ ಅನ್ನೋದೂ ಇದೇ. ಒಂದು ಹಲ್ಲಿನ ಚಕ್ರ, ಅದನ್ನು ಕಚ್ಚಿ ಹಿಡಿಯೋಕೆ ಸ್ಪ್ರಿಂಗ್ ಹಾಕಿದ ಸಣ್ಣ ಕೊಕ್ಕೆ. ಒಂದು ಕಡೆಗೆ ಬಿಡುತ್ತೆ, ಇನ್ನೊಂದು ಕಡೆಗೆ ಬಿಡಲ್ಲ. ಇದನ್ನು ಸಾಕೆಟ್ ತಿರುಗಿಸುವ ಹಿಡಿಗೆ ಕೂರಿಸಿ 1863ರಲ್ಲೇ ಜೆ. ಜೆ. ರಿಚರ್ಡ್‌ಸನ್ ಅನ್ನುವವರು ಅಮೆರಿಕದ ವರ್ಮಾಂಟಿನಲ್ಲಿ ಪೇಟೆಂಟ್ ಪಡೆದಿದ್ದರು.

ಅಲ್ಲಿಂದ ಸೀದಾ ಇವತ್ತಿಗೆ ಬರೋಣ ಅಂತಿದ್ದೆ. ಆದರೆ ನಡುವೆ ಇನ್ನೊಂದು ಎಡವಟ್ಟು ಇದೆ, ಅದನ್ನು ಬಿಟ್ಟು ಮುಂದೆ ಹೋಗೋಕೆ ಮನಸ್ಸು ಬರ್ತಿಲ್ಲ. ಒಂದು ಕಾಲಕ್ಕೆ ಬಹುಪಾಲು ಸಾಕೆಟ್ಟುಗಳಿಗೆ ಅವುಗಳದೇ ಹಿಡಿ ಅಂಟಿಕೊಂಡೇ ಇರ್ತಿತ್ತು. ಹತ್ತು ಅಳತೆ ಬೇಕಂದರೆ ಹತ್ತು ಹಿಡಿ ಹೊರಬೇಕು. ಮಿಲ್ವಾಕಿಯ ಅಮೆರಿಕನ್ ಗ್ರೈಂಡರ್ ಅನ್ನುವ ಕಂಪನಿಯಲ್ಲಿದ್ದ ಜೋಸೆಫ್ ಜಾನ್ಸನ್, ಹಿಡಿ ಬೇರೆ ಸಾಕೆಟ್ ಬೇರೆ ಮಾಡೋಣ, ಬೇಕಾದ್ದನ್ನು ಸಿಕ್ಕಿಸಿಕೊಳ್ಳಲಿ ಅಂದರು. ಯಜಮಾನರು ಬೇಡ ಅಂದರು. ಜಾನ್ಸನ್ ಜೊತೆಗಾರ ವಿಲಿಯಂ ಸೈಡ್‌ಮನ್ ಜತೆ ಸೇರಿ ಐದು ಹಿಡಿ, ಹತ್ತು ಸಾಕೆಟ್ ಮಾಡಿದರು. ಐದು ಹಿಡಿ ಐವತ್ತರ ಕೆಲಸ ಮಾಡುತ್ತೆ ಅಂತ ಮಾರಿದರು. 1920ರಲ್ಲಿ ಹಾಗೆ ಹುಟ್ಟಿದ್ದೇ ಸ್ನಾಪ್-ಆನ್. ಇವತ್ತಿಗೂ ಜಗತ್ತಿನ ಮೆಕ್ಯಾನಿಕ್ಕರು ಆಸೆಪಡುವ ಹೆಸರದು. ಬೇಡ ಅಂದ ಆ ಯಜಮಾನರು ಒಂದು ದಿನವಾದರೂ ಗ್ರೀಸ್ ಕೈಯಲ್ಲಿ ಹತ್ತು ಹಿಡಿ ತಡಕಿದ್ದಿದ್ದರೆ ಹಾಗೆ ಹೇಳ್ತಿರಲಿಲ್ಲ ಅಂತ ನನಗೆ ಖಂಡಿತ ಅನ್ನಿಸುತ್ತೆ.

ಹಿಡಿಯಿಂದ ಸಾಕೆಟ್ ಬೇರೆಯಾದ ಮೇಲೆ ಹೊಸ ತೊಂದರೆ ಶುರುವಾಯ್ತು. ಸಾಕೆಟ್ ಬೀಳಬಾರದು ಅಂತ, ಅದನ್ನು ಸಿಕ್ಕಿಸುವ ಚೌಕದ ಪಕ್ಕಕ್ಕೆ ಸ್ಪ್ರಿಂಗ್ ಇರುವ ಗುಂಡು ಕೂರಿಸಿದರು. ಬಿಗಿಯಾಗಿದ್ದರೆ ಸಾಕೆಟ್ ಕೀಳೋಕೆ ಎರಡೂ ಕೈ ಬೇಕು, ಎಣ್ಣೆ ಕೈ ಜಾರುತ್ತೆ. ಸಡಿಲವಾಗಿದ್ದರೆ ಸಾಕೆಟ್ ಎಂಜಿನ್ ಸಂದಿಗೆ ಬಿದ್ದುಹೋಗುತ್ತೆ. ರಾಬರ್ಟ್ಸ್ ಮಾಡಿದ್ದೇನು ನೋಡಿ. ಚೌಕದ ನಡುವೆ ಒಂದು ಪಿನ್ ಇಳಿಸಿದ. ಪಿನ್ನಿನ ಮೇಲೆ ಒಂದು ತಗ್ಗು. ಬಟನ್ ಒತ್ತಿದರೆ ಆ ತಗ್ಗು ಗುಂಡಿನ ಎದುರಿಗೆ ಬರುತ್ತೆ, ಗುಂಡು ಒಳಗೆ ಸರಿಯುತ್ತೆ, ಸಾಕೆಟ್ ಬಿಡುಗಡೆ. ಬೆರಳು ತೆಗೆದರೆ ಪಿನ್ ಮೇಲೆದ್ದು ಗುಂಡನ್ನು ಹೊರಗೆ ತಳ್ಳಿ ನಿಲ್ಲಿಸುತ್ತೆ. ಸಾಕೆಟ್ ಭದ್ರ, ಕೀಳೋಕೆ ಒಂದೇ ಕೈ. ಎಷ್ಟು ಚಂದದ ಬುದ್ಧಿ!

ಇದು ಅಷ್ಟೇನೂ ಬೆಲೆಬಾಳೋದಲ್ಲ ಅನ್ನೋ ಭಾವನೆ ಬರುವ ಹಾಗೆ ಹುಡುಗನಿಗೆ ಹೇಳಿ ಸಿಯರ್ಸ್‌ನವರು ಹಕ್ಕು ಬರೆಸಿಕೊಂಡರು. ಮಾರಾಟದ ಬಗ್ಗೆ ತಮಗೆ ಗೊತ್ತಿದ್ದನ್ನು ಮುಚ್ಚಿಟ್ಟರು. 1969ರಲ್ಲಿ ಅವನು ಕೋರ್ಟಿಗೆ ಹೋದ. 1975ರ ಹೊತ್ತಿಗೆ ಸಿಯರ್ಸ್ ಇಂಥ 1.9 ಕೋಟಿಗೂ ಹೆಚ್ಚು ರಾಚೆಟ್ ಮಾರಿತ್ತು. ಇದು ವಂಚನೆಯೇ ಅಂತ ಜ್ಯೂರಿ ತೀರ್ಮಾನಿಸಿ 1977ರಲ್ಲಿ ಹತ್ತು ಲಕ್ಷ ಡಾಲರ್ ಕೊಡಿಸಿತು. ಅಲ್ಲಿಗೂ ಮುಗೀಲಿಲ್ಲ. ಬಟನ್ನಿನ ಪೇಟೆಂಟ್ ಬಗ್ಗೆ ಇನ್ನೊಂದು ದಾವೆ ನಡೀತು, 1983ರಲ್ಲಿ ಮೇಲಿನ ಕೋರ್ಟು ಮತ್ತೆ ವಿಚಾರಣೆ ಮಾಡಿ ಅಂತ ವಾಪಸ್ ಕಳಿಸಿತು. ರಾಜಿಯಾಗಿದ್ದು 1989ರಲ್ಲಿ. ಹದಿನೆಂಟರಲ್ಲಿ ಮಾಡಿದ ಬಟನ್ನಿಗೆ ನಲವತ್ತು ದಾಟಿದ ಮೇಲೆ ಲೆಕ್ಕ ಚುಕ್ತಾ. ಅನ್ಯಾಯದ ವಿರುದ್ಧ ಬಿಡದೆ ಹೋರಾಡಿದ ಆ ಮನುಷ್ಯನ ಮೇಲೆ ನನಗೆ ಬಹಳ ಗೌರವ ಇದೆ.

ಸರಿ, ಈಗ ನಮ್ಮ ಕಡೆಗೆ ಬರೋಣ. ನಾಗಮಂಗಲ ತಾಲ್ಲೂಕಿನಂಥ ಕಡೆ ಮೆಕ್ಯಾನಿಕ್ಕು ಒಂದೇ ಕಂಪನಿ ಗಾಡಿಗೆ ಮೀಸಲಲ್ಲ. ಬೆಳಿಗ್ಗೆ ಪವರ್ ಟಿಲ್ಲರ್ ಬರುತ್ತೆ. ಬೆಂಗಳೂರಿನ ವಿಎಸ್‌ಟಿಯವರು ಜಪಾನಿನ ಮಿತ್ಸುಬಿಷಿ ಜತೆ ಕೈಜೋಡಿಸಿ 1960ರ ದಶಕದಿಂದ ಮಾಡ್ತಿರುವ ಯಂತ್ರ, ಕೆಸರು ಮೆತ್ತಿಕೊಂಡೇ ಬರೋದು. ಆಮೇಲೆ ಕಬ್ಬಿನ ಟ್ರ್ಯಾಕ್ಟರ್. ಇವೆರಡರಲ್ಲಿ ಕೈ ಹೇಗೋ ಹೋಗುತ್ತೆ. ಟಾಟಾ ಏಸ್ ಬಂದರೆ ಗೊತ್ತಾಗೋದು. ಅದರ ಎಂಜಿನ್ ಇರೋದು ಸೀಟಿನ ಕೆಳಗೆ. ಸೀಟೆತ್ತಿ ಬಗ್ಗಿದರೆ ಬೋಲ್ಟ್ ಕಾಣುತ್ತೆ, ಹಿಡಿ ಆಡಿಸೋಕೆ ಜಾಗ ಇಲ್ಲ. ನೇರ ರಾಚೆಟ್ ಪಕ್ಕದ ತಗಡಿಗೆ ಬಡಿಯುತ್ತೆ. ತಲೆ ಬಗ್ಗಿಸಿದರೆ ಹಿಡಿ ಅಡ್ಡಿಯ ಮೇಲಿಂದ ದಾಟಿ ಹೊರಗೆ ಬರುತ್ತೆ.

ಅಂಗಡಿಯವರು ಮೊದಲು ಹೇಳೋದು ಹಲ್ಲಿನ ಲೆಕ್ಕ. 36 ಹಲ್ಲಾದರೆ ಪ್ರತಿ ಸಲ 10 ಡಿಗ್ರಿ ಆಡಿಸಬೇಕು, 72 ಆದರೆ 5, 90 ಆದರೆ 4. ಇಕ್ಕಟ್ಟಲ್ಲಿ ಇದರಿಂದ ಲಾಭ ಇದೆ, ಸುಳ್ಳಲ್ಲ. ಆದರೆ ಆ ಹತ್ತು ಐದಾಗೋ ಲಾಭ ಐದು ನಾಲ್ಕಾಗೋದರಲ್ಲಿ ಇಲ್ಲ. 72 ಸಾಕು ಅಂತ ನನ್ನ ಅಭಿಪ್ರಾಯ. ಅದಕ್ಕಿಂತ ಮುಖ್ಯ, ಹಿಂದಕ್ಕೆ ಆಡಿಸುವಾಗ ಎಷ್ಟು ಹಗುರವಾಗಿ ಬರುತ್ತೆ ಅನ್ನೋದು. ಹಿಂದಕ್ಕೆಳೆಯುವಾಗ ಬಿಗಿಯಾಗಿದ್ದರೆ ಸಡಿಲವಾದ ನಟ್ಟೂ ರಾಚೆಟ್ ಜತೆಗೇ ವಾಪಸ್ ತಿರುಗುತ್ತೆ. ಆಗ ಹಲ್ಲು ಎಷ್ಟಿದ್ದು ಏನು ಬಂತು? ಅಂಗಡಿಯಲ್ಲೇ ಚೌಕವನ್ನು ಎರಡೇ ಬೆರಳಲ್ಲಿ ಹಿಡಿದು ಹಿಡಿ ಆಡಿಸಿ ನೋಡಿ.

ಈಗ ಕೀಲು. ಬಗ್ಗುವ ರಾಚೆಟ್ಟಿನ ಆಯಸ್ಸು ಇರೋದು ಇಲ್ಲೇ. ಕೆಲವದರಲ್ಲಿ ಬರೀ ಬಿಗಿ ಸ್ಕ್ರೂ ಇರುತ್ತೆ, ಸಡಿಲಾದಾಗ ಅಲೆನ್ ಕೀಯಿಂದ ಬಿಗಿ ಮಾಡ್ಕೋಬಹುದು. ಕೆಲವದರಲ್ಲಿ ಲಾಕ್ ಇರುತ್ತೆ, ಬೇಕಾದ ಕೋನಕ್ಕೆ ನಿಲ್ಲುತ್ತೆ. ತಲೆ ಕೆಳಗೆ ಮಾಡಿ ಕೆಲಸ ಮಾಡೋರಿಗೆ ಲಾಕ್ ಇರೋದೇ ವಾಸಿ, ಇಲ್ಲದಿದ್ದರೆ ಬೋಲ್ಟ್ ಹುಡುಕುವಾಗ ರಾಚೆಟ್ಟಿನ ತಲೆ ಜೋಲುತ್ತೆ. ಹಿಡಿಯನ್ನು ಕೈಯಲ್ಲಿ ಗಟ್ಟಿ ಹಿಡಿದು ತಲೆಯನ್ನು ಪಕ್ಕಕ್ಕೆ ಅಲ್ಲಾಡಿಸಿ. ಹೊಸದರಲ್ಲೇ ಆಡಿದರೆ ಅದನ್ನು ಅಲ್ಲೇ ಇಡಿ.

ಇನ್ನೊಂದು ಲೆಕ್ಕ ತುಂಬಾ ಜನ ಗಮನಿಸಲ್ಲ. ಹಿಡಿ 30 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಅದನ್ನು 60 ಡಿಗ್ರಿ ಮೇಲಕ್ಕೆ ಬಗ್ಗಿಸಿದರೆ ಬೋಲ್ಟಿಗೆ ಸಿಗೋದು ಸುಮಾರು 15 ಸೆಂಟಿಮೀಟರ್ ಹಿಡಿಯ ಬಲ ಮಾತ್ರ, ಅರ್ಧ. ಮಿಕ್ಕಿದ್ದು ಕೀಲನ್ನು ತಿರುಚುತ್ತೆ, ಸಾಕೆಟ್ಟನ್ನು ಓರೆ ಮಾಡುತ್ತೆ, ಬೋಲ್ಟಿನ ಮೂಲೆ ಸವೆಸುತ್ತೆ. ಅದಕ್ಕೇ ತುಕ್ಕು ಹಿಡಿದು ಕೂತ ಬೋಲ್ಟನ್ನು ಮೊದಲು ಬ್ರೇಕರ್ ಬಾರ್ ಅಥವಾ ರಿಂಗ್ ಸ್ಪ್ಯಾನರಿನಲ್ಲಿ ಅಲುಗಿಸಿ, ಆಮೇಲೆ ಇದನ್ನು ಕೈಗೆ ತಗೊಳ್ಳಿ. ಹಿಡಿಯ ಹಿಂದಕ್ಕೆ ಪೈಪ್ ಸಿಕ್ಕಿಸಿ ಎಳೆಯೋದಂತೂ ಬೇಡವೇ ಬೇಡ.

ಮತ್ತೆ ರಾಬರ್ಟ್ಸ್ ಬಟನ್ನಿಗೆ ಬಂದೆ. ಇಕ್ಕಟ್ಟಲ್ಲಿ ತಲೆಯ ಹಿಂಬದಿ ಯಾವುದಾದರೂ ಬ್ರಾಕೆಟ್ಟಿಗೆ ತಾಗುತ್ತೆ. ಬಟನ್ ಹೊರಗೆ ಚಾಚಿಕೊಂಡಿದ್ದರೆ ಅದು ತಾನಾಗೇ ಒತ್ತಿಕೊಂಡು ಸಾಕೆಟ್ ಒಳಗೆ ಬೀಳುತ್ತೆ. ಸುತ್ತಲಿನ ಅಂಚಿಗಿಂತ ಬಟನ್ ಕೆಳಗೆ ಕೂತಿರುವುದನ್ನು ಆರಿಸಿ. ದಿಕ್ಕು ಬದಲಿಸುವ ಲಿವರ್ರಿಗೂ ಇದೇ ಮಾತು. ನಿಮ್ಮ ಹಳೇ ಸಾಕೆಟ್ ಒಂದನ್ನು ಅಂಗಡಿಗೆ ತಗೊಂಡು ಹೋಗಿ, ಹಾಕಿ ಜೋರಾಗಿ ಕೊಡವಿ ನೋಡಿ. ಸವೆದ ಸಾಕೆಟ್ಟನ್ನೂ ಗುಂಡು ಹಿಡಿದಿಟ್ಟರೆ ಧೈರ್ಯವಾಗಿ ತಗೊಳ್ಳಿ.

ಕೊನೆಗೆ, ತಲೆ ಬಿಚ್ಚೋಕೆ ಬರುತ್ತಾ, ಒಳಗಿನ ಕಿಟ್ ಬಿಡಿಯಾಗಿ ಸಿಗುತ್ತಾ ಅಂತ ಕೇಳಿ. ಟಿಲ್ಲರ್ ಕೆಸರಿನ ಕೆಲಸ ಇದ್ದರೆ ಇದು ಬೇಕೇ ಬೇಕು. ಆಗಾಗ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು, ಒರೆಸಿ, ತೆಳು ಎಣ್ಣೆ ಒಂದೆರಡು ಹನಿ ಹಾಕಿ. ವೀಲ್ ಬೇರಿಂಗಿನ ಗ್ರೀಸ್ ತುಂಬಬೇಡಿ. ಸಣ್ಣ ಹಲ್ಲಿನ ರಾಚೆಟ್ಟಿನಲ್ಲಿ ಕೊಕ್ಕೆ ಆ ಗ್ರೀಸಿಗೆ ಅಂಟಿಕೊಂಡು ಹಲ್ಲಿಗೆ ಪೂರ್ತಿ ಕೂರಲ್ಲ, ಜೋರಾಗಿ ಎಳೆದಾಗ ಜಾರಿ ಗೆಣ್ಣು ಹೋಗಿ ಎಂಜಿನ್ನಿಗೆ ಬಡಿಯುತ್ತೆ.