ಸೊಳ್ಳೆ ದಾಟುವುದು ಗಲ್ಲಿ, ವೈರಸ್ ದಾಟುವುದು ಸಮುದ್ರ

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ಡೆಂಗಿ, ಚಿಕೂನ್‌ಗುನ್ಯಾ, ಝಿಕಾ ಈ ಮೂರನ್ನೂ ಹರಡುವ ಈಡಿಸ್ ಸೊಳ್ಳೆ ತನ್ನ ಆಯುಷ್ಯದಲ್ಲಿ ಎಷ್ಟು ದೂರ ಹಾರಬಹುದು? ಸಾಮಾನ್ಯವಾಗಿ ಕೆಲವು ನೂರು ಮೀಟರ್, ಅಷ್ಟೇ. ಮಹಾರಾಷ್ಟ್ರದ ಇಚಲಕರಂಜಿಯ ಒಂದು ಗಲ್ಲಿಯಲ್ಲಿ ಹುಟ್ಟಿದ ಸೊಳ್ಳೆ ಬಹುಮಟ್ಟಿಗೆ ಅದೇ ಗಲ್ಲಿಯ ಸುತ್ತಮುತ್ತ ಬದುಕಿ ಸಾಯುತ್ತದೆ. ಅದು ಕೊಲ್ಹಾಪುರದವರೆಗೂ ಹಾರುವುದಿಲ್ಲ.

ಆದರೂ 2004ರಲ್ಲಿ ಕೆನ್ಯಾದ ಕರಾವಳಿಯಲ್ಲಿ ಎದ್ದ ಚಿಕೂನ್‌ಗುನ್ಯಾ ಹಿಂದೂ ಮಹಾಸಾಗರದ ಕೊಮೊರೊಸ್, ರಿಯೂನಿಯನ್ ದ್ವೀಪಗಳಿಗೆ ಹಬ್ಬಿತು. 2005ರ ಕೊನೆಯ ಹೊತ್ತಿಗೆ ಭಾರತದಲ್ಲೂ ಕಾಣಿಸಿಕೊಂಡಿತು. 2006ರಲ್ಲಿ ದೇಶದಲ್ಲಿ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳು ದಾಖಲಾದವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಏಳೂವರೆ ಲಕ್ಷ, ಕರ್ನಾಟಕ ಒಂದರಲ್ಲೇ. ಕೀಲು ಹಿಡಿದುಕೊಂಡು ಹಾಸಿಗೆಯಿಂದ ಏಳಲಾಗದೆ ಊರಿಗೆ ಊರೇ ಮಲಗಿದ್ದ ಆ ವರ್ಷ ಹಿರಿಯರಿಗೆ ಚೆನ್ನಾಗಿ ನೆನಪಿದೆ. ಇಷ್ಟು ದೂರ ಆ ವೈರಸ್ಸನ್ನು ಹೊತ್ತು ತಂದವರು ಯಾರು?

ಕೆಲವರು ಹೇಳಬಹುದು, ಅದು ಹಳೆಯ ರೋಗ, ಇಲ್ಲೇ ಎಲ್ಲೋ ಅಡಗಿತ್ತು, ಮತ್ತೆ ಎದ್ದಿತು ಅಂತ. ಹಳೆಯ ರೋಗ ಎನ್ನುವುದು ನಿಜ. 1963ರಲ್ಲಿ ಕೋಲ್ಕತ್ತಾದಲ್ಲಿ, ಮರುವರ್ಷ ಚೆನ್ನೈಯಲ್ಲಿ, 1973ರಲ್ಲಿ ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಇದು ಕಾಣಿಸಿಕೊಂಡಿತ್ತು. ಆಮೇಲೆ ಮೂವತ್ತೆರಡು ವರ್ಷ ದೊಡ್ಡ ಸುದ್ದಿಯಿಲ್ಲ. ಆದರೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಹೊಸ ವೈರಸ್ಸಿನ ವಂಶವನ್ನು ಪರೀಕ್ಷಿಸಿದಾಗ ಬೇರೆಯದೇ ಸಂಗತಿ ಹೊರಬಂತು. ಹಿಂದಿನದು ಏಷ್ಯಾದ ವಂಶ, ಈಗ ಬಂದದ್ದು ಆಫ್ರಿಕಾದ ವಂಶ. ಅಂದರೆ ಬಾರ್ಶಿಯ ವೈರಸ್ ಮತ್ತೆ ಎದ್ದಿರಲಿಲ್ಲ, ಹೊರಗಿನಿಂದ ಹೊಸದೊಂದು ಬಂದಿತ್ತು. ಸೊಳ್ಳೆ ಸಮುದ್ರ ದಾಟಿ ಹಾರುವುದಿಲ್ಲ. ದಾಟಿಸಿದ್ದು ಜನರ ಓಡಾಟ.

ಇದು ನಡೆಯುವುದು ಹೀಗೆ. ವೈರಸ್ ಇರುವ ಸೊಳ್ಳೆ ಒಬ್ಬರನ್ನು ಕಚ್ಚುತ್ತದೆ. ಡೆಂಗಿಯಾದರೆ ಜ್ವರ ಬರಲು ನಾಲ್ಕರಿಂದ ಹತ್ತು ದಿನ ಬೇಕು. ಜ್ವರ ಬರುವುದಕ್ಕೆ ಒಂದೆರಡು ದಿನ ಮೊದಲೇ ಆ ವ್ಯಕ್ತಿಯ ರಕ್ತದಲ್ಲಿ ವೈರಸ್ ತುಂಬಿರುತ್ತದೆ. ಆಗ ಅವರು ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಬಸ್ ಹತ್ತುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಬೀಗರ ಮನೆಗೆ ಹೋಗುತ್ತಾರೆ. ಅಲ್ಲಿನ ಸೊಳ್ಳೆ ಅವರನ್ನು ಕಚ್ಚುತ್ತದೆ. ಆ ಸೊಳ್ಳೆಯ ಮೈಯಲ್ಲಿ ವೈರಸ್ ಬೆಳೆದು ಜೊಲ್ಲಿಗೆ ಬರಲು ಇನ್ನೂ ಎಂಟರಿಂದ ಹನ್ನೆರಡು ದಿನ. ಆಮೇಲೆ ಅದು ಸಾಯುವವರೆಗೂ ಕಚ್ಚಿದವರಿಗೆಲ್ಲ ವೈರಸ್ ದಾಟಿಸಬಲ್ಲದು. ಝಿಕಾ ತಗುಲಿದ ಹೆಚ್ಚಿನವರಿಗೆ ಲಕ್ಷಣವೇ ಇರುವುದಿಲ್ಲ. ತಾವು ವೈರಸ್ ಹೊತ್ತು ಬಂದಿದ್ದೇವೆ ಎಂಬುದು ಅವರಿಗೇ ಗೊತ್ತಿರುವುದಿಲ್ಲ.

ಎಲ್ಲ ಸೊಳ್ಳೆ ರೋಗಗಳೂ ಹೀಗೆ ಹರಡುವುದಿಲ್ಲ. ಮೆದುಳು ಜ್ವರ ತರುವ ಜಪಾನೀಸ್ ಎನ್ಸೆಫಲೈಟಿಸ್ ವೈರಸ್ ಹಂದಿ ಮತ್ತು ಕೊಕ್ಕರೆ ಜಾತಿಯ ಹಕ್ಕಿಗಳಲ್ಲಿ ಹೆಚ್ಚುತ್ತದೆ. ಮನುಷ್ಯನ ರಕ್ತದಲ್ಲಿ ಅದು ಸೊಳ್ಳೆಗೆ ದಾಟುವಷ್ಟು ಇರುವುದಿಲ್ಲ. ಡೆಂಗಿ, ಚಿಕೂನ್‌ಗುನ್ಯಾ, ಝಿಕಾ ಹಾಗಲ್ಲ. ಇವು ಊರುಗಳಲ್ಲಿ ಮನುಷ್ಯನಿಂದ ಸೊಳ್ಳೆಗೆ, ಸೊಳ್ಳೆಯಿಂದ ಮನುಷ್ಯನಿಗೆ ದಾಟುತ್ತವೆ. ಅದಕ್ಕೇ ಇವು ಜನ ಹೋದಲ್ಲೆಲ್ಲ ಹೋಗುತ್ತವೆ.

ಈಗ ನಮ್ಮ ಮಹಾರಾಷ್ಟ್ರ-ಕರ್ನಾಟಕ ಗಡಿಭಾಗ ನೋಡ್ರಿ. ಇಚಲಕರಂಜಿ ಪವರ್‌ಲೂಮ್ ಊರು. ಉತ್ತರ ಪ್ರದೇಶ, ಬಿಹಾರ, ಒಡಿಶಾ, ರಾಜಸ್ಥಾನ, ಕರ್ನಾಟಕ, ಎಲ್ಲ ಕಡೆಯ ಕೈಗಳು ಅಲ್ಲಿ ಮಗ್ಗ ನಡೆಸುತ್ತವೆ. ಹಬ್ಬಕ್ಕೆ ಊರಿಗೆ ಹೋಗಿ ಮರಳುತ್ತವೆ. ಕೊಲ್ಹಾಪುರ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾದರೆ ಬೀಡ್ ಕಡೆಯ ಕಬ್ಬು ಕಡಿಯುವ ಕುಟುಂಬಗಳು ಮಕ್ಕಳುಮರಿ ಸಮೇತ ಬರುತ್ತವೆ. ಮಾರ್ಗಶಿರದ ಹುಣ್ಣಿಮೆಗೆ ಕೊಲ್ಹಾಪುರದಿಂದ ಎಸ್.ಟಿ. ಬಸ್ಸುಗಳ ಸಾಲೇ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಡುತ್ತದೆ. ಮಹಾರಾಷ್ಟ್ರದ ಗಡಹಿಂಗ್ಲಜದವರಿಗೆ ಕರ್ನಾಟಕದ ಸಂಕೇಶ್ವರ ಬೇರೆ ರಾಜ್ಯ ಅನ್ನಿಸುವುದೇ ಇಲ್ಲ. ಸಂತೆ, ದವಾಖಾನೆ, ಬೀಗತನ ಎಲ್ಲ ಎರಡೂ ಕಡೆ ಹರಡಿಕೊಂಡಿವೆ. ಮುಂಬೈ, ಪುಣೆ, ಬೆಂಗಳೂರನ್ನು ಜೋಡಿಸುವ ಹೆದ್ದಾರಿ ಕೊಲ್ಹಾಪುರ, ನಿಪ್ಪಾಣಿ, ಸಂಕೇಶ್ವರ, ಬೆಳಗಾವಿಯ ಮೇಲೇ ಹಾಯ್ದು ಹೋಗುತ್ತದೆ.

ಝಿಕಾದ ಹಾದಿಯೂ ನಮ್ಮ ಸುತ್ತಲೇ ಇದೆ. ಮಹಾರಾಷ್ಟ್ರದ ಮೊದಲ ಪ್ರಕರಣ 2021ರ ಜುಲೈನಲ್ಲಿ ಪುಣೆ ಜಿಲ್ಲೆಯ ಬೇಲ್ಸರ್ ಎಂಬ ಹಳ್ಳಿಯಲ್ಲಿ ಸಿಕ್ಕಿತು. ಕರ್ನಾಟಕದ ಮೊದಲನೆಯದು 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಐದು ವರ್ಷದ ಹುಡುಗಿಯಲ್ಲಿ. 2023ರಲ್ಲಿ ಇಚಲಕರಂಜಿಯಲ್ಲೂ ಝಿಕಾ ಪತ್ತೆಯಾಯಿತು.

ಹಾಗಾದರೆ ಹೊರಗಿನಿಂದ ಬರುವವರೇ ರೋಗ ತರುತ್ತಾರೆ, ಅವರನ್ನು ತಡೆಯಿರಿ ಎನ್ನೋಣವೇ? ಇದಕ್ಕೆ ಇಟಲಿಯ ಒಂದು ಹಳ್ಳಿಯ ಕಥೆ ಉತ್ತರ ಕೊಡುತ್ತದೆ. 2007ರ ಬೇಸಿಗೆಯಲ್ಲಿ ಕೇರಳದಿಂದ ಹೋದ ಒಬ್ಬರು ಕಾಸ್ತಿಲ್ಯೋನೆ ದಿ ಚೆರ್ವಿಯಾ ಎಂಬಲ್ಲಿ ಬಂಧುಗಳ ಮನೆಯಲ್ಲಿದ್ದಾಗ ಜ್ವರದಿಂದ ಮಲಗಿದರು. ನೋಡನೋಡುತ್ತ ಆ ಭಾಗದಲ್ಲಿ ಇನ್ನೂರಕ್ಕೂ ಹೆಚ್ಚು ಜನರಿಗೆ ಚಿಕೂನ್‌ಗುನ್ಯಾ ಬಂತು. ವೈರಸ್ ಹೋದದ್ದು ಕೇರಳದಿಂದ, ನಿಜ. ಆದರೆ ಅದನ್ನು ಹರಡಿದ ಈಡಿಸ್ ಆಲ್ಬೊಪಿಕ್ಟಸ್ ಸೊಳ್ಳೆ 1990ರ ಹೊತ್ತಿಗೇ ಹಳೆಯ ಟೈರುಗಳ ವ್ಯಾಪಾರದಲ್ಲಿ ಇಟಲಿಗೆ ಬಂದು ಬೇರೂರಿತ್ತು. ಸೊಳ್ಳೆ ಇಲ್ಲದ ಚಳಿಗಾಲದಲ್ಲಿ ಅದೇ ಅತಿಥಿ ಹೋಗಿದ್ದರೆ ಒಬ್ಬರ ಜ್ವರ ಒಬ್ಬರಲ್ಲೇ ಮುಗಿಯುತ್ತಿತ್ತು. ನಾನು ಹೇಳಬೇಕೆಂದಿರುವುದು ಇದನ್ನೇ. ಪ್ರಯಾಣ ಕಿಡಿ ತರುತ್ತದೆ, ಉರಿಯುವ ಕಟ್ಟಿಗೆ ಬಂದಿಳಿದ ಊರಿನದು.

ಇಚಲಕರಂಜಿಯಲ್ಲಿ ಆ ಕಟ್ಟಿಗೆ ಯಾವುದು? ನಲ್ಲಿಯಲ್ಲಿ ದಿನವೂ ನೀರು ಬಾರದ ಊರದು. ಆದ್ದರಿಂದ ಮನೆ ಮನೆಯ ಮುಂದೆ ಬ್ಯಾರಲ್ಲು, ಒಳಗೆ ಹಂಡೆ, ಕೊಡ, ಟಾಕಿ. ಈಡಿಸ್ ಮೊಟ್ಟೆ ಇಡುವುದು ಇಂಥ ನಿಂತ ತಿಳಿನೀರಿನಲ್ಲೇ. ಇನ್ನೊಂದು ಮಾತು, ಈ ಸೊಳ್ಳೆ ಕಚ್ಚುವುದು ಹಗಲು ಹೊತ್ತಿನಲ್ಲಿ. ರಾತ್ರಿ ಪಾಳಿ ಮುಗಿಸಿದ ಮಗ್ಗದ ಕಾರ್ಮಿಕ ನಿದ್ದೆ ಮಾಡುವುದೂ ಹಗಲಲ್ಲೇ, ನಾಲ್ಕಾರು ಜನ ಹಂಚಿಕೊಂಡ ಖೋಲಿಯಲ್ಲಿ, ಸೊಳ್ಳೆ ಪರದೆಯಿಲ್ಲದೆ. ಅವನನ್ನು ರೋಗ ತಂದವನು ಎನ್ನುವುದು ಅನ್ಯಾಯ. ಎಲ್ಲರಿಗಿಂತ ಮೊದಲು ಕಚ್ಚಿಸಿಕೊಳ್ಳುವವನು ಅವನು.

ಓಡಾಟ ಅಂದರೆ ದೂರದ ಪ್ರಯಾಣ ಮಾತ್ರವೂ ಅಲ್ಲ. ಪೆರುವಿನ ಇಕಿಟೋಸ್ ನಗರದಲ್ಲಿ ಡೆಂಗಿ ಅಧ್ಯಯನ ಮಾಡಿದ ಸಂಶೋಧಕರು 2013ರಲ್ಲಿ ತೋರಿಸಿದ್ದೇನೆಂದರೆ, ಜನ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಿಬರುವುದರಿಂದಲೇ ವೈರಸ್ ಊರೊಳಗೆ ಹಬ್ಬುತ್ತದೆ. ಅಕ್ಕನ ಮನೆ, ಗೆಳೆಯನ ಮನೆ, ಅಷ್ಟು ಓಡಾಟ ಸಾಕು.

ಹಾಗಾದರೆ ನಾವು ಮಾಡಬೇಕಾದ್ದೇನು? ಜ್ವರ ಬಂದವರನ್ನು ಮೊದಲ ವಾರ ಹಗಲಲ್ಲೂ ಪರದೆಯೊಳಗೆ ಮಲಗಿಸಿ. ಸೊಳ್ಳೆಗೆ ಅವರ ರಕ್ತ ಸಿಗದಿದ್ದರೆ ಆ ಮನೆಯಿಂದ ರೋಗ ಮುಂದಕ್ಕೆ ಹೋಗುವ ಸಾಧ್ಯತೆ ಕಡಿಮೆಯಾಗುತ್ತದೆ. ವೈದ್ಯರ ಬಳಿ ಹೋದಾಗ ಕಳೆದ ಎರಡು ವಾರ ಎಲ್ಲೆಲ್ಲಿ ಇದ್ದಿರಿ ಎಂಬುದನ್ನು ತಪ್ಪದೆ ಹೇಳಿ. ಕೇಳದಿದ್ದರೂ ಹೇಳಿ. ಡೆಂಗಿ ಅಲ್ಲವೆಂದು ಖಾತ್ರಿಯಾಗುವ ತನಕ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವದ ಅಪಾಯ ಇದೆ. ವಾರಕ್ಕೊಮ್ಮೆ ಬ್ಯಾರಲ್ ಖಾಲಿ ಮಾಡಿ, ಒಳಗಿನ ಗೋಡೆಯನ್ನು ಗಸಗಸ ಉಜ್ಜಿ ತೊಳೆಯಿರಿ. ಬರೀ ನೀರು ಚೆಲ್ಲಿದರೆ ಸಾಲದು, ಗೋಡೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಸರ್ಕಾರಗಳಿಗೂ ಒಂದು ಮಾತು. 2024ರಲ್ಲಿ ಕರ್ನಾಟಕ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಇಟ್ಟಿತು. ಆ ಆದೇಶ ಸಂಕೇಶ್ವರ ದಾಟಿದರೆ ನಡೆಯುವುದಿಲ್ಲ. ಜ್ವರ ಮಾತ್ರ ನಡೆಯುತ್ತದೆ. ಗಡಹಿಂಗ್ಲಜದಲ್ಲಿ ಒಬ್ಬರಿಗೆ ಡೆಂಗಿ ಬಂದಾಗ ಸೋಂಕು ತಗುಲಿದ್ದು ಹುಕ್ಕೇರಿ ತಾಲ್ಲೂಕಿನಲ್ಲಾದರೆ, ಆ ಸುದ್ದಿ ಅದೇ ದಿನ ಬೆಳಗಾವಿ ಜಿಲ್ಲೆಯ ಆರೋಗ್ಯ ಇಲಾಖೆಗೆ ಮುಟ್ಟಬೇಕು. ಅತ್ತಲಿಂದ ಇತ್ತಲೂ ಹಾಗೇ. ದಂಡ ಹಾಕುವ ಮೊದಲು ದಿನವೂ ನೀರು ಕೊಡಿ. ನಲ್ಲಿಯಲ್ಲಿ ನೀರು ಬಂದರೆ ಜನರಿಗೆ ಬ್ಯಾರಲ್ಲಿನ ಹಂಗಿರುವುದಿಲ್ಲ.

ದುಡಿಮೆಗೆ, ಜಾತ್ರೆಗೆ, ಬೀಗರ ಮನೆಗೆ ಜನ ಬರಲೇಬೇಕು, ಬರಲಿ. ಅವರನ್ನು ದೂರಬೇಡಿ. ಈ ಭಾನುವಾರ ನಿಮ್ಮ ಮನೆಯ ಬ್ಯಾರಲ್ ಉಜ್ಜಿ, ಪಕ್ಕದ ಖೋಲಿಯವರಿಗೂ ಹೇಳಿ.