ಉಬ್ಬಸ ಉಲ್ಬಣಿಸಿದಾಗ ಏನು ಮಾಡಬೇಕು?

(ಸಂಘದ ರಜತ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಆರೋಗ್ಯ ಕೇಂದ್ರದ ಪರವಾಗಿ ಮಾಡಿದ ಭಾಷಣ)



25 ವರ್ಷ ಒಂದು ಸಂಘವನ್ನು ಒಗ್ಗಟ್ಟಿನಿಂದ ನಡೆಸಿಕೊಂಡು ಬರುವುದು ಸಾಮಾನ್ಯದ ಮಾತಲ್ಲ. ಮೊದಲಿಗೆ ನಿಮಗೆಲ್ಲ ನಮ್ಮ ಅಭಿನಂದನೆಗಳು. ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕರೆದಿದ್ದೀರಿ. ವಿಷಯ ಹುಡುಕಲು ನಾವು ಕಷ್ಟಪಡಲಿಲ್ಲ. ಚಳಿಗಾಲದ ಬೆಳಗ್ಗೆ ಡೈರಿ ಮುಂದೆ ಕ್ಯಾನ್ ಹಿಡಿದು ನಿಂತ ಸಾಲಿನಲ್ಲಿ ಒಬ್ಬರಾದರೂ ಏದುಸಿರು ಬಿಡುತ್ತಿರುತ್ತಾರೆ. ಉಬ್ಬಸ, ಗೂರಲು, ದಮ್ಮು, ಆಸ್ತಮಾ ಎಂದು ನಾವು ಕರೆಯುವ ಕಾಯಿಲೆ ಇದು.

ಕೆಲವು ವರ್ಷಗಳ ಹಿಂದೆ, ರಾಗಿ ಒಕ್ಕಣೆಯ ಕಾಲ. ರಾತ್ರಿ 3 ಗಂಟೆಗೆ ಒಬ್ಬ ತಾಯಿಯನ್ನು ಟೆಂಪೋದಲ್ಲಿ ಕರೆತಂದರು. ಸಂಜೆಯಿಂದಲೇ ಉಬ್ಬಸವಿತ್ತಂತೆ. ಶುಂಠಿ ಕಷಾಯ ಕುಡಿಸಿದರು, ಎದೆಗೆ ಮುಲಾಮು ತಿಕ್ಕಿದರು, ಬೆಳಕು ಹರೀಲಿ ನೋಡೋಣ ಎಂದರು. ನಮ್ಮ ಹತ್ತಿರ ಬರುವ ಹೊತ್ತಿಗೆ ಮಾತು ನಿಂತು ತುಟಿ ನೀಲಿಗಟ್ಟಿತ್ತು. "ಗೊರ ಗೊರ ಸದ್ದು ನಿಂತೈತೆ ಸಾರ್, ವಸಿ ವಾಸಿ ಆದಂಗೈತೆ" ಎಂದ ಮಗ. ವಾಸಿಯಾಗಿರಲಿಲ್ಲ. ಎದೆಯೊಳಗೆ ಗಾಳಿ ಓಡಾಡುವುದೇ ಕಡಮೆಯಾಗಿ ಸದ್ದು ಅಡಗಿತ್ತು. ಆಮ್ಲಜನಕ ಹಾಕಿ, ಔಷಧಿ ಕೊಡುತ್ತಲೇ ದೊಡ್ಡಾಸ್ಪತ್ರೆಗೆ ಸಾಗಿಸಿದೆವು. ದೇವರ ದಯೆ, ಉಳಿದರು. ಆಮೇಲೆ ತಿಳಿಯಿತು, ಉಸಿರಿನ ಪಂಪು ಮನೆಯಲ್ಲೇ ಇತ್ತು. ಮಗಳ ಮದುವೆ ಮಾತುಕತೆ ನಡೆಯುತ್ತಿದ್ದುದರಿಂದ ನೆಂಟರ ಕಣ್ಣಿಗೆ ಬೀಳಬಾರದೆಂದು ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ ಇಟ್ಟಿದ್ದರು. ಇವತ್ತು ನಾವು ಮಾತಾಡಲು ನಿಂತಿರುವುದು ಆ ಟ್ರಂಕಿನ ಸಲುವಾಗಿಯೇ.

ಗುರುತಿಸುವುದು ಹೇಗೆ?

ಉಬ್ಬಸದವರ ಶ್ವಾಸನಾಳಗಳು ಸೂಕ್ಷ್ಮ. ಹುಲ್ಲಿನ ಧೂಳು, ಒಲೆ ಹೊಗೆ, ಬೀಡಿ ಹೊಗೆ, ನೆಗಡಿ, ಥಂಡಿ ಗಾಳಿ ತಗುಲಿದರೆ ನಾಳದ ಸುತ್ತಲ ಸ್ನಾಯು ಬಿಗಿಯುತ್ತದೆ, ಒಳಪದರ ಊದುತ್ತದೆ, ಕಫ ಕಟ್ಟುತ್ತದೆ. ಹೂಳು ತುಂಬಿದ ಕಾಲುವೆಯಲ್ಲಿ ನೀರು ಹೇಗೋ ಹಾಗೆ ಗಾಳಿ. ರಾತ್ರಿ ಕೆಮ್ಮು, ಎದೆ ಬಿಗಿತ, ಸಿಳ್ಳೆ ಹೊಡೆದಂತಹ ಸದ್ದು, ಏದುಸಿರು, ಇವು ಮುನ್ಸೂಚನೆ. ಮಕ್ಕಳಲ್ಲಿ ಕೆಲವು ಸಲ ಬರೀ ಕೆಮ್ಮೇ ಮೊದಲು ಕಾಣುತ್ತದೆ.

ಎಷ್ಟು ಜೋರಾಗಿದೆ ಎಂದು ಅಳೆಯುವುದು ಹೇಗೆ?

ಇದಕ್ಕೆ ಯಂತ್ರ ಬೇಕಿಲ್ಲ. ಮಾತಾಡಿಸಿ ನೋಡಿ. ಒಂದು ಪೂರ್ತಿ ವಾಕ್ಯ ಹೇಳಬಲ್ಲರೆ ಸದ್ಯಕ್ಕೆ ಪರವಾಗಿಲ್ಲ. ಒಂದೊಂದೇ ಪದ ಹೇಳಿ ಉಸಿರಿಗೆ ನಿಲ್ಲುತ್ತಿದ್ದರೆ, ಮಲಗಲಾರದೆ ಮುಂದಕ್ಕೆ ಬಾಗಿ ಕೂತಿದ್ದರೆ, ಕತ್ತಿನ ನರ ಎದ್ದು ಪಕ್ಕೆಯ ಸಂದು ಒಳಕ್ಕೆ ಎಳೆಯುತ್ತಿದ್ದರೆ, ದೊಡ್ಡವರಲ್ಲಿ ಉಸಿರು ನಿಮಿಷಕ್ಕೆ 30 ಅಥವಾ ನಾಡಿ 120 ದಾಟಿದ್ದರೆ, ಅದು ತೀವ್ರ. ತುಟಿ ನೀಲಿಯಾಗುವುದು, ಮಂಕು ಕವಿಯುವುದು, ಉಸಿರಿಗೆ ಒದ್ದಾಡುತ್ತಿದ್ದರೂ ಸದ್ದು ನಿಲ್ಲುವುದು, ಇವು ಪ್ರಾಣಾಪಾಯದ ಗುರುತು. 2020ರ ಕೊರೋನಾ ಕಾಲದಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ಎಷ್ಟೋ ಮನೆಗೆ ಬಂತು. ಅದು 94ಕ್ಕಿಂತ ಕೆಳಗೆ ತೋರಿಸಿದರೆ ತಡ ಮಾಡದೆ ಆಸ್ಪತ್ರೆಗೆ ಬನ್ನಿ. ಆದರೆ ಅಂಕಿ ಚೆನ್ನಾಗಿದೆ ಎಂದು ಕಣ್ಣಿಗೆ ಕಾಣುವ ಒದ್ದಾಟವನ್ನು ಕಡೆಗಣಿಸಬೇಡಿ.

ತಕ್ಷಣ ಏನು ಮಾಡಬೇಕು?

ತೀವ್ರ ಗುರುತು ಕಂಡರೆ ಮೊದಲೇ 108ಕ್ಕೆ ಫೋನ್ ಮಾಡಿ, ಆಮೇಲೆ ಉಳಿದದ್ದು. ರೋಗಿಯನ್ನು ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಧೂಳು ಹೊಗೆಯಿಂದ ಈಚೆಗೆ ತನ್ನಿ. ಸುತ್ತ ಜನ ಮುತ್ತಬೇಡಿ. ಅವರಿಗೇ ವೈದ್ಯರು ಕೊಟ್ಟಿರುವ ಸಾಲ್ಬುಟಮಾಲ್ ಪಂಪನ್ನು ಚೆನ್ನಾಗಿ ಅಲ್ಲಾಡಿಸಿ, ಸ್ಪೇಸರ್ ಎಂಬ ಡಬ್ಬಿಗೆ ಸಿಕ್ಕಿಸಿ. ಒಂದು ಸಲ ಒತ್ತಿ, 4 ಸಲ ಉಸಿರಾಡಲಿ. ಹೀಗೆ ಒಂದೊಂದಾಗಿ 4 ಸಲ. 4 ನಿಮಿಷ ಕಾಯಿರಿ. ಹಗುರವಾಗದಿದ್ದರೆ ಮತ್ತೆ 4 ಸಲ ಕೊಟ್ಟು 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೂ, ದಾರಿಯಲ್ಲೂ ಇದೇ ಕ್ರಮ ಮುಂದುವರಿಸಿ. ಈಚೆಗೆ ಕೆಲವರಿಗೆ ದಿನವೂ, ಉಬ್ಬಸ ಬಂದಾಗಲೂ ಒಂದೇ ಪಂಪು ಬರೆದುಕೊಡುತ್ತಾರೆ. ಅವರು ತಮ್ಮ ಚೀಟಿಯಲ್ಲಿರುವ ಲೆಕ್ಕ ಅನುಸರಿಸಬೇಕು.

ಸ್ಪೇಸರ್ ಇಲ್ಲವೆ? ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿ, ಬಾಟಲಿಯ ಬಾಯಿಂದ ಉಸಿರೆಳೆದುಕೊಳ್ಳಬಹುದು. ಇಂತಹ ಬಾಟಲಿ ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆಂದು ದಕ್ಷಿಣ ಆಫ್ರಿಕದ ವೈದ್ಯರು 1999ರಲ್ಲೇ ಮಕ್ಕಳಲ್ಲಿ ಪರೀಕ್ಷಿಸಿ ತೋರಿಸಿದ್ದಾರೆ. ಆದರೆ ಉಬ್ಬಸ ಬಂದ ರಾತ್ರಿ ತೂತು ಕೊರೆಯುತ್ತ ಕೂರಬೇಡಿ, ಮೊದಲೇ ಮಾಡಿಟ್ಟುಕೊಳ್ಳಿ.

ಆಸ್ಪತ್ರೆಯಲ್ಲಿ ಆಮ್ಲಜನಕ, ನೆಬುಲೈಸರ್, ಊತ ಇಳಿಸಲು ಸ್ಟೀರಾಯ್ಡ್ ಕೊಡುತ್ತೇವೆ. ಸ್ಟೀರಾಯ್ಡ್ ಕೆಲಸ ತೋರಿಸಲು ಕೆಲವು ಗಂಟೆ ಬೇಕು. ಬೇಗ ಬನ್ನಿ ಎಂದು ನಾವು ಬೇಡಿಕೊಳ್ಳುವುದು ಇದಕ್ಕೇ. ಮನೆಗೆ ಕೊಟ್ಟ ಮಾತ್ರೆಯನ್ನು ಸಾಮಾನ್ಯವಾಗಿ ದೊಡ್ಡವರು 5ರಿಂದ 7 ದಿನ, ಮಕ್ಕಳು 3ರಿಂದ 5 ದಿನ ನುಂಗಬೇಕು. ಹಗುರಾಯಿತೆಂದು ಎರಡನೇ ದಿನಕ್ಕೇ ಬಿಡಬೇಡಿ.

ಪಂಪಿನ ಬಗ್ಗೆ ಹೆದರಿಕೆ

"ಪಂಪು ಕೊನೇ ಔಷಧಿ, ಒಂದು ಸಲ ಹಿಡಿದರೆ ಚಟ" ಎಂಬ ಮಾತು ಊರೂರಲ್ಲಿದೆ. ಇದು ಸುಳ್ಳು. ಪಂಪು 1956ರಿಂದ, ಸಾಲ್ಬುಟಮಾಲ್ 1969ರಿಂದ ಬಳಕೆಯಲ್ಲಿದೆ. ಔಷಧಿ ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಮಾತ್ರೆಗಿಂತ ಬಹಳ ಕಡಮೆ ಪ್ರಮಾಣ ಸಾಕು. ಆದರೆ ಬಿಗಿ ಸಡಿಲಿಸುವ ಪಂಪೊಂದನ್ನೇ ನಂಬಿ ಕೂರುವುದೂ ತಪ್ಪು. ಅದು ಒಳಗಿನ ಊತ ಇಳಿಸದು. 200 ಒತ್ತಿನ ಡಬ್ಬಿ ವರ್ಷಕ್ಕೆ 3 ಖಾಲಿಯಾದರೆ ಅಪಾಯ ಹೆಚ್ಚುತ್ತಿದೆ ಎಂದು ಅರ್ಥ. ಊತ ತಡೆಯುವ ಪಂಪನ್ನು ವೈದ್ಯರು ಹೇಳಿದಂತೆ ತಪ್ಪದೆ ತೆಗೆದುಕೊಳ್ಳಿ, ಆಮೇಲೆ ಬಾಯಿ ಮುಕ್ಕಳಿಸಿ. ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿಗೆ ಹೋಗಿ ಮೀನಿನ ಮದ್ದು ನುಂಗಿ ಬರುವವರಿದ್ದಾರೆ. ಅವರವರ ನಂಬಿಕೆ ಅವರಿಗೆ. ಪಂಪು ಮಾತ್ರ ಜೇಬಿನಲ್ಲಿರಲಿ.

ಕೊನೆಯದಾಗಿ ಸಂಘಕ್ಕೆ ಎರಡು ಬಿನ್ನಹ. ಹಾಲಿನ ದರ ಬರೆಯುವ ಹಲಗೆಯ ಪಕ್ಕದಲ್ಲಿ, ರಾತ್ರಿ ಕರೆದರೆ ಬರುವ ವಾಹನದವರ ಫೋನ್ ನಂಬರುಗಳನ್ನು ಬರೆಸಿ. ಉಬ್ಬಸವಿರುವ ಸದಸ್ಯರನ್ನು ಒಂದು ದಿನ ಪಂಪಿನ ಸಮೇತ ಇಲ್ಲೇ ಸೇರಿಸಿ, ಸರಿಯಾಗಿ ಎಳೆದುಕೊಳ್ಳುವುದನ್ನು ನಾವೇ ಬಂದು ಕಲಿಸುತ್ತೇವೆ.

ತಾಯಂದಿರೆ, ಕನ್ನಡಕ ಹಾಕಿಕೊಳ್ಳಲು ನಾಚುತ್ತೇವೆಯೆ? ಪಂಪೂ ಹಾಗೆಯೇ. ಸಂಬಂಧ ಬೆಳೆಸಲು ಬಂದವರು ಪಂಪು ಕಂಡು ಎದ್ದು ಹೋದರೆ ಹೋಗಲಿ. ಪಂಪು ಟ್ರಂಕಿನಲ್ಲಿ ಬೇಡ, ದೀಪದ ಗೂಡಿನಲ್ಲಿರಲಿ, ಕತ್ತಲಲ್ಲೂ ಕೈಗೆ ಸಿಗಲಿ.