ಜೇಬಿನ ಮೊಬೈಲೂ ಗಂಡಸಿನ ಬಂಜೆತನವೂ

(ಯುವಕರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಭೂಮಿ, ಕೂಲಿ, ಪಡಿತರಗಳ ವಿಚಾರ ಮಾತನಾಡುವ ಈ ವೇದಿಕೆಯಲ್ಲಿ ಗಂಡಸಿನ ಬಂಜೆತನದ ಮಾತು ಏತಕ್ಕೆ ಎಂದು ಕೆಲವರು ನಗಬಹುದು. ನಗುವವರು ನಗಲಿ. ಕಳೆದ ತಿಂಗಳು ಹಳ್ಳಿಯೊಂದರಲ್ಲಿ ಸಭೆ ಮುಗಿದ ಮೇಲೆ, ಮದುವೆಯಾಗಿ ನಾಲ್ಕು ವರ್ಷವಾದ ಯುವಕನೊಬ್ಬ ನಮ್ಮನ್ನು ಬದಿಗೆ ಕರೆದು, "ಮೇಷ್ಟ್ರೇ, ಮೊಬೈಲು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡರೆ ಮಕ್ಕಳಾಗೋದಿಲ್ಲವಂತೆ, ಹೌದಾ?" ಎಂದು ಕೇಳಿದ. ಅವನ ಹೆಂಡತಿಯನ್ನು ಮನೆಯವರು ಮೂರು ಆಸ್ಪತ್ರೆಗೂ ಎರಡು ದೇವಸ್ಥಾನಕ್ಕೂ ಕರೆದೊಯ್ದಿದ್ದರು. ಅವನನ್ನು ಮಾತ್ರ ಯಾರೂ ಒಂದು ಸಲವೂ ಪರೀಕ್ಷೆ ಮಾಡಿಸಿರಲಿಲ್ಲ. ನಾವು ವೈದ್ಯರಲ್ಲ. ಆದರೆ ಓದಿ ತಿಳಿದದ್ದನ್ನು ಮಾಸ್ತರಿಕೆಯ ಅಭ್ಯಾಸದಂತೆ ಬಿಡಿಸಿ ಹೇಳಬಲ್ಲೆವು.

ಮೊದಲು ಮೊಬೈಲಿನ ಸಂಗತಿ. ಅದು ಹೊರಸೂಸುವುದು ರೇಡಿಯೋ ಅಲೆ. ಎಕ್ಸ್‌ರೇ ಕಿರಣದಂತೆ ಅಣುಗಳನ್ನು ಸೀಳುವ ಬಲ ಅದಕ್ಕಿಲ್ಲ. ಹತ್ತಿರದ ಮಾಂಸಖಂಡವನ್ನು ಅತ್ಯಲ್ಪವಾಗಿ ಬಿಸಿ ಮಾಡಬಲ್ಲದು. ದೂರ ಸರಿದಂತೆ ಅದರ ಬಲ ಬೇಗ ಕುಗ್ಗುತ್ತದೆ. ಟವರಿನ ಸಿಗ್ನಲ್ ದುರ್ಬಲವಾಗಿರುವೆಡೆ ಫೋನು ಹೆಚ್ಚು ಶಕ್ತಿಯಿಂದ ಅಲೆ ಬಿಡಬೇಕಾಗುತ್ತದೆ. ಇನ್ನು ಗಂಡಸಿನ ದೇಹದ ಸಂಗತಿ. ವೃಷಣಗಳು ದೇಹದ ಹೊರಗೆ ಇರುವುದೇ ಅವಕ್ಕೆ ತಂಪು ಬೇಕೆಂಬ ಕಾರಣದಿಂದ. ಒಂದು ವೀರ್ಯಾಣು ಸಿದ್ಧವಾಗಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಆದುದರಿಂದ ಅನುಮಾನ ಹುಟ್ಟಿದುದು ತಪ್ಪಲ್ಲ. ಅನುಮಾನವನ್ನೇ ತೀರ್ಪು ಮಾಡಿದರೆ ತಪ್ಪು.

2023ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಒಂದು ದೊಡ್ಡ ಅಧ್ಯಯನವನ್ನು ಪ್ರಕಟಿಸಿದರು. 2005ರಿಂದ 2018ರವರೆಗೆ ಸೈನ್ಯದ ಭರ್ತಿಗೆ ಬಂದ, 18ರಿಂದ 22 ವಯಸ್ಸಿನ 2,886 ಯುವಕರನ್ನು ಅವರು ಪರೀಕ್ಷಿಸಿದ್ದರು. ವಾರಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆ ಫೋನು ಬಳಸುವವರಲ್ಲಿ ಒಂದು ಮಿಲಿಲೀಟರಿಗೆ 5 ಕೋಟಿ 65 ಲಕ್ಷ ವೀರ್ಯಾಣು. ದಿನಕ್ಕೆ 20 ಸಲಕ್ಕಿಂತ ಹೆಚ್ಚು ಬಳಸುವವರಲ್ಲಿ 4 ಕೋಟಿ 45 ಲಕ್ಷ. ಇಷ್ಟನ್ನೇ ಓದಿ ಪತ್ರಿಕೆಗಳು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದವು. ಮುಂದಿನ ಸಾಲುಗಳನ್ನು ಓದುವ ವ್ಯವಧಾನ ಯಾರಿಗಿತ್ತು? ವೀರ್ಯಾಣುಗಳ ಚಲನೆಯಲ್ಲಾಗಲಿ ಆಕಾರದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಫೋನನ್ನು ಪ್ಯಾಂಟಿನ ಜೇಬಿನಲ್ಲಿಟ್ಟವರಿಗೂ ಬೇರೆ ಕಡೆ ಇಟ್ಟವರಿಗೂ ಅಂತರ ಕಾಣಲಿಲ್ಲ. ಮೊದಲ ವರ್ಷಗಳಲ್ಲಿ ಕಂಡ ವ್ಯತ್ಯಾಸ, ಹೊಸ ತಲೆಮಾರಿನ ಫೋನುಗಳು ಬಂದಂತೆ ಸಣ್ಣದಾಗುತ್ತ ಬಂತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಹೇಳುವ ಕನಿಷ್ಠ ಮಟ್ಟ ಮಿಲಿಲೀಟರಿಗೆ 1 ಕೋಟಿ 60 ಲಕ್ಷ. ಹೆಚ್ಚು ಬಳಸುವವರ ಗುಂಪೂ ಅದಕ್ಕಿಂತ ಎಷ್ಟೋ ಮೇಲಿದೆ. ಹಗಲೂ ರಾತ್ರಿ ಫೋನು ಹಿಡಿದವನ ನಿದ್ರೆ, ಬೀಡಿ, ಕುಡಿತ, ಕೂತಲ್ಲೇ ಕೂರುವ ಅಭ್ಯಾಸ ಇವುಗಳ ಪಾಲೆಷ್ಟು, ಫೋನಿನ ಪಾಲೆಷ್ಟು ಎಂದು ಪೂರ್ತಿ ಬೇರ್ಪಡಿಸುವುದೂ ಸುಲಭವಲ್ಲ.

ಆದುದರಿಂದ ಆ ಯುವಕನಿಗೆ ನಾವು ಹೇಳಿದುದಿಷ್ಟು: ಜೇಬಿನಿಂದ ತೆಗೆದಿಡು, ನಷ್ಟವೇನಿಲ್ಲ. ಆದರೆ ನಿನಗೆ ಮಕ್ಕಳಾಗದ್ದು ಮೊಬೈಲಿನಿಂದ ಎಂದು ಹೇಳುವ ಧೈರ್ಯ ಯಾವ ವಿಜ್ಞಾನಿಗೂ ಇಲ್ಲ. ಹಾಗೆ ಹೇಳಿ ಚೂರ್ಣ ಮಾರುವವನಿಗೆ ಮಾತ್ರ ಇದೆ.

ಈಗ ಇದರ ಇನ್ನೊಂದು ಮುಖವನ್ನು ನೋಡಿ. ಗಂಡಸಿನ ಸಂತಾನಶಕ್ತಿಯನ್ನು ಕೆಡಿಸಿತೆಂದು ಸಂದೇಹಕ್ಕೆಡೆಯಿಲ್ಲದೆ ಸಿದ್ಧವಾದ ವಸ್ತುವೊಂದಿದೆ. ಅದರ ಹೆಸರು ಡಿಬಿಸಿಪಿ. ಬಾಳೆ, ಅನಾನಸ್ ಬೇರಿನ ಜಂತುಹುಳು ಕೊಲ್ಲಲು ಡೌ, ಶೆಲ್ ಕಂಪೆನಿಗಳು ತಯಾರಿಸಿದ ವಿಷ ಅದು. ಇಲಿಗಳ ವೃಷಣ ಅದರಿಂದ ಕುಗ್ಗುತ್ತವೆಂಬುದು 1961ರಲ್ಲೇ ಅಚ್ಚಾದ ಸಂಗತಿ. ಆದರೂ ಮಾರಾಟ ನಿಲ್ಲಲಿಲ್ಲ. 1977ರಲ್ಲಿ ಕ್ಯಾಲಿಫೋರ್ನಿಯದ ಲಾಥ್ರಪ್ ಎಂಬಲ್ಲಿನ ಕಾರ್ಖಾನೆಯ ಕೆಲಸಗಾರರು, ನಮ್ಮಲ್ಲಿ ಎಷ್ಟೋ ಜನಕ್ಕೆ ಮಕ್ಕಳೇ ಆಗುತ್ತಿಲ್ಲವಲ್ಲ ಎಂದು ತಮ್ಮೊಳಗೆ ಮಾತನಾಡಿಕೊಂಡರು. ಪರೀಕ್ಷೆಯಲ್ಲಿ ಹಲವರ ವೀರ್ಯದಲ್ಲಿ ವೀರ್ಯಾಣುವೇ ಇರಲಿಲ್ಲ. ಸತ್ಯ ಹೊರಬಿದ್ದುದು ನಾಚಿಕೆ ಬಿಟ್ಟು ಮಾತನಾಡಿದ ಕೂಲಿಕಾರರಿಂದ. ಅಮೆರಿಕದಲ್ಲಿ ಬಳಕೆಗೆ ತಡೆ ಬಿದ್ದ ಮೇಲೂ ಮಧ್ಯ ಅಮೆರಿಕದ ಬಾಳೆ ತೋಟಗಳಲ್ಲಿ ಅದನ್ನು ಬಳಸಿದರು. ಅಲ್ಲಿನ ಸಾವಿರಾರು ಕೂಲಿಕಾರರು ದಶಕಗಟ್ಟಲೆ ನ್ಯಾಯಾಲಯಕ್ಕೆ ಅಲೆದರು. ನಮ್ಮ ದೇಶದಲ್ಲಿ ಅದನ್ನು ನಿಷೇಧಿಸಿದುದು 1989ರಲ್ಲಿ.

ದೂರದ ಮಾತೇಕೆ? ಕಾಸರಗೋಡಿನ ಎಣ್ಮಕಜೆ ಪಂಚಾಯತಿಯ ಪಡ್ರೆಯಲ್ಲಿ ಕನ್ನಡ, ತುಳು ಆಡುವ ನಮ್ಮವರೇ ಇದ್ದಾರೆ. ಅಲ್ಲಿ ಸರಕಾರಿ ನಿಗಮದ ಗೇರು ತೋಟಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಲ್ಲಿನ 117 ಶಾಲಾ ಹುಡುಗರನ್ನು, ಸಿಂಪಡಣೆಯಿಲ್ಲದ ಬೇರೆ ಊರಿನ 90 ಹುಡುಗರೊಡನೆ ಹೋಲಿಸಿದರು. ವಿಷ ಬಿದ್ದ ಊರಿನ ಹುಡುಗರು ಗಂಡಸರಾಗಿ ಬೆಳೆಯುವುದೇ ತಡವಾಗುತ್ತಿದೆಯೆಂದು 2003ರಲ್ಲಿ ಪ್ರಕಟಿಸಿದರು. ಸುಪ್ರೀಂ ಕೋರ್ಟು ಆ ವಿಷವನ್ನು ತಡೆದುದು 2011ರ ಮೇ ತಿಂಗಳಲ್ಲಿ. ನಡುವೆ ಎಂಟು ವರ್ಷ! ಮಕ್ಕಳು ಎಂಟು ವರ್ಷ ಬೆಳೆಯದೆ ಕಾಯುತ್ತಾರೆಯೇ?

ಇಂದಿಗೂ ನಮ್ಮ ಕೂಲಿಕಾರ ಬರಿ ಮೈಯಲ್ಲಿ, ಮುಖಕ್ಕೊಂದು ಟವೆಲು ಸುತ್ತಿಕೊಂಡು ಕೀಟನಾಶಕ ಹೊಡೆಯುತ್ತಾನೆ. ಅದನ್ನು ನಾವು "ಔಷಧಿ ಹೊಡೆಯುವುದು" ಎನ್ನುತ್ತೇವೆ. ವಿಷಕ್ಕೆ ಔಷಧಿ ಎನ್ನುವುದನ್ನು ನಮಗೆ ಕಲಿಸಿದವರು ಯಾರು? ಕುಲುಮೆಯ ಮುಂದೆ, ಬೇಕರಿಯ ಒಲೆಯ ಮುಂದೆ ದಿನವಿಡೀ ನಿಲ್ಲುವವನ ಬಿಸಿಯನ್ನು ಅಳೆದವರು ಯಾರು? ಮೊಬೈಲಿನ ಭಯಕ್ಕೆ ಪತ್ರಿಕೆಯಲ್ಲಿ ಜಾಗವಿದೆ, ಏಕೆಂದರೆ ಮೊಬೈಲು ಶ್ರೀಮಂತನ ಜೇಬಿನಲ್ಲೂ ಇದೆ. ಸಿಂಪಡಿಸುವ ಪಂಪು ಇರುವುದು ಬಡವನ ಬೆನ್ನ ಮೇಲೆ ಮಾತ್ರ.

ಕೊನೆಯದಾಗಿ ನಮ್ಮ ಮನೆಯೊಳಗಿನ ಅನ್ಯಾಯ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧ ಪಾಲಿನಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಆದರೆ "ಬಂಜೆ" ಎಂಬ ಮಾತು ಹೆಂಗಸಿಗೇ ಮೀಸಲು. ತೊಟ್ಟಿಲ ಶಾಸ್ತ್ರಕ್ಕೆ ಕರೆಯದವರು ಅವಳನ್ನೇ. ಇನ್ನೊಂದು ಮದುವೆಯ ಮಾತೆತ್ತುವುದು ಅವಳ ಎದುರಿಗೇ. ಮಕ್ಕಳು ಸಾಕೆಂದಾಗಲೂ ಮೇಜಿನ ಮೇಲೆ ಮಲಗುವವಳು ಅವಳೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಮದುವೆಯಾದ ದಂಪತಿಗಳಲ್ಲಿ ಹೆಂಗಸರ ಸಂತಾನಹರಣ ಶಸ್ತ್ರಚಿಕಿತ್ಸೆ ನೂರಕ್ಕೆ 37.9, ಗಂಡಸರದು 0.3. ಲೋಹಿಯಾ ಅವರು ಸಪ್ತಕ್ರಾಂತಿಯಲ್ಲಿ ಮೊದಲನೆಯದಾಗಿ ಗಂಡು ಹೆಣ್ಣಿನ ಸಮಾನತೆಯನ್ನು ಇಟ್ಟರು. ಗೋಡೆಯ ಮೇಲೆ ಅವರ ಚಿತ್ರ ತೂಗುಹಾಕಿ, ಪರೀಕ್ಷೆಗೆ ಹೆಂಡತಿಯನ್ನೇ ಮುಂದೆ ನೂಕುವವನು ಸಮಾಜವಾದಿ ಹೇಗಾದಾನು?

ನಮ್ಮ ಮುಂದಿರುವ ಕೆಲಸ ಮೂರು. ಒಂದು: ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ವೀರ್ಯ ಪರೀಕ್ಷೆ ಹಣವಿಲ್ಲದೆ, ಗುಟ್ಟು ಕಾಯ್ದು, ನಡೆಯಬೇಕೆಂದು ಒತ್ತಾಯಿಸುವುದು. ಗಂಡಸಿಗೆ ಅದು ನೋವಿಲ್ಲದ, ಸರಳವಾದ ಪರೀಕ್ಷೆ. ಎರಡು: ವಿಷ ಹೊಡೆಯುವ ಕೂಲಿಕಾರನಿಗೆ ಕೈಗವಸು, ಮುಖಗವಸು, ಮೈಮುಚ್ಚುವ ಬಟ್ಟೆಯನ್ನು ಮಾಲೀಕನೇ ಕೊಡಬೇಕೆಂದು ಕೂಲಿಯ ಕರಾರಿನಲ್ಲಿಯೇ ಬರೆಸುವುದು. ಮೂರು: ಲಾಥ್ರಪ್ಪಿನ ಕೆಲಸಗಾರರಂತೆ ನಾವೂ ನಾಚಿಕೆ ಬಿಟ್ಟು ಮಾತನಾಡುವುದು.

ಮೊದಲು ಹೇಳಿದ ಯುವಕ ಮೊನ್ನೆ ಜಿಲ್ಲಾ ಆಸ್ಪತ್ರೆಗೆ ತಾನೇ ಹೋಗಿ ಬಂದ. ಪರೀಕ್ಷೆಯಲ್ಲಿ ಏನು ಬಂತೆಂದು ನಾವು ಕೇಳಲಿಲ್ಲ, ಅದು ಅವನ ಗುಟ್ಟು. ಹೆಂಡತಿಯನ್ನು ನಾಲ್ಕನೆಯ ಆಸ್ಪತ್ರೆಗೆ ಅಟ್ಟುವ ಮೊದಲು ಅವನು ಹೋದ ಎಂಬುದೇ ನಮಗೆ ಸಾಕು.